ಮೊದಲ ಅನುಭವ ಕೊಡುವವರು ಯಾರು?

ಮಾನ್ಯರೇ,

ಸಾಫ್ಟ್‌ವೇರ್ ಕೆಲಸದ ಜಾಹೀರಾತುಗಳಲ್ಲಿ ‘ಹೊಸಬರಿಗೆ ಅವಕಾಶ’ ಎಂದು ಬರೆದು, ಅದರ ಕೆಳಗೇ ‘ಕನಿಷ್ಠ 2 ವರ್ಷದ ಅನುಭವ’ ಕೇಳುವುದು ಈಗ ರೂಢಿಯಾಗಿಬಿಟ್ಟಿದೆ. ಬೆಂಗಳೂರಿನ ಕಂಪನಿಯೊಳಗೆ ಅಣ್ಣನೋ ಭಾವನೋ ಇದ್ದು ಅರ್ಜಿಯನ್ನು ಮುಂದಕ್ಕೆ ದಾಟಿಸುವವರಿಗೆ ಈ ಷರತ್ತು ಅಷ್ಟಾಗಿ ಅಡ್ಡ ಬರುವುದಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಪದವಿ ಮುಗಿಸಿ ಹೊರಡುವ, ಯಾರ ಪರಿಚಯವೂ ಇಲ್ಲದ ಮಕ್ಕಳು ಅಲ್ಲಿಯೇ ನಿಂತುಬಿಡುತ್ತಾರೆ.

ನಾನೂ ಹಾಗೆ 11 ತಿಂಗಳು ಅಲೆದವನು. ಶಿವಮೊಗ್ಗದಿಂದ ರಾತ್ರಿ ರೈಲು ಹತ್ತಿ ಸಂದರ್ಶನಕ್ಕೆ ಹೋದಲ್ಲೆಲ್ಲ, ದುಡ್ಡು ಕೊಟ್ಟು ಗಳಿಸಿದ್ದ ತರಬೇತಿ ಪ್ರಮಾಣಪತ್ರಗಳ ಕಡತವನ್ನು ಒಬ್ಬರೂ ಬಿಚ್ಚಿ ನೋಡಲಿಲ್ಲ. ಕೊನೆಗೆ ಕೈಹಿಡಿದದ್ದು ನಮ್ಮೂರಿನ ಅಡಿಕೆ ವ್ಯಾಪಾರಿಯೊಬ್ಬರಿಗೆ ಪುಕ್ಕಟೆಯಾಗಿ ಬರೆದುಕೊಟ್ಟಿದ್ದ ಲೆಕ್ಕದ ಪ್ರೋಗ್ರಾಂ. ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆ ಬಗೆಗಳ ತೂಕ ಹಾಕಿ, ಚೀಲದ ತೂಕ ಕಳೆದು, ದರ ಕೊಟ್ಟರೆ ಪಟ್ಟಿ ಸಿದ್ಧವಾಗುತ್ತಿತ್ತು. ಆದರೆ ಸಂಜೆ ಕೈಬರಹದ ಪುಸ್ತಕದೊಂದಿಗೆ ತಾಳೆ ನೋಡಿದರೆ ಕೆಲವು ಪಟ್ಟಿಗಳಲ್ಲಿ ಒಂದೊಂದು ಪೈಸೆ ವ್ಯತ್ಯಾಸ. ಅವರಿಗೆ ಅಷ್ಟೂ ಒಪ್ಪಿಗೆಯಿರಲಿಲ್ಲ. ಕಂಪ್ಯೂಟರ್ ದಶಮಾಂಶಗಳನ್ನು ಸಾಮಾನ್ಯವಾಗಿ 0 ಮತ್ತು 1 ಮಾತ್ರ ಬಳಸುವ ದ್ವಿಮಾನ ರೂಪದಲ್ಲಿ ಇಟ್ಟುಕೊಳ್ಳುವುದರಿಂದ 0.1 ಮತ್ತು 0.2 ಕೂಡಿದರೆ ಕರಾರುವಾಕ್ಕಾಗಿ 0.3 ಬರುವುದಿಲ್ಲ ಎಂದು ಕಾಲೇಜಿನಲ್ಲಿ ಓದಿದ್ದೆ, ಅರ್ಥವಾದದ್ದು ಆ ಮಂಡಿಯ ಜಗಲಿಯಲ್ಲಿ. ತೂಕವನ್ನು ಗ್ರಾಂಗಳಲ್ಲಿ, ಹಣವನ್ನು ಪೈಸೆಗಳಲ್ಲಿ ಪೂರ್ಣಾಂಕವಾಗಿಯೇ ಇಟ್ಟು ಸರಿಪಡಿಸಿದೆ. ಮುಂದೆ ಕೆಲಸ ಸಿಕ್ಕ ಕಡೆ ಅರ್ಧ ಗಂಟೆ ಕೇಳಿದ್ದು ಈ ಒಂದು ಪೈಸೆಯ ಕಥೆಯನ್ನೇ.

ಇಂಥ ಮಂಡಿ ಎಲ್ಲರಿಗೂ ಸಿಗುವುದಿಲ್ಲ, ವರ್ಷಗಟ್ಟಲೆ ಪುಕ್ಕಟೆ ದುಡಿಯುವ ಶಕ್ತಿ ಎಲ್ಲ ಮನೆಗಳಿಗೂ ಇರುವುದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ, 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ಶಿಷ್ಯವೇತನ ಕೊಟ್ಟು ತೆಗೆದುಕೊಳ್ಳಬೇಕು. ಅಪ್ರೆಂಟಿಸ್ ಎಂದರೆ ಲೇತ್ ಮುಂದೆ ನಿಲ್ಲುವ ಐಟಿಐ ಹುಡುಗರೇ ನಮ್ಮ ಕಣ್ಣಿಗೆ ಬರುತ್ತಾರೆ. ಪದವೀಧರರಿಗೂ ಈ ಕಾಯ್ದೆಯಲ್ಲಿ ಜಾಗವಿದೆ. ನಮ್ಮ ಜಿಲ್ಲೆಯ ಸಹಕಾರ ಸಂಘಗಳು, ಆಸ್ಪತ್ರೆಗಳು, ಕಾರ್ಖಾನೆಗಳ ಲೆಕ್ಕಪತ್ರವೆಲ್ಲ ಕಂಪ್ಯೂಟರಿಗೆ ಬಂದು ಎಷ್ಟೋ ಕಾಲವಾಯಿತು. ಅಲ್ಲಿ ಪ್ರೋಗ್ರಾಮಿಂಗ್ ಬಲ್ಲ ಇಬ್ಬರು ಮೂವರನ್ನು ಒಂದು ವರ್ಷದ ಮಟ್ಟಿಗೆ ಇರಿಸಿಕೊಂಡು, ಅವರು ಮಾಡಿದ ಕೆಲಸದ ವಿವರವನ್ನು ಬರೆದುಕೊಡುವಂತೆ ಜಿಲ್ಲಾಡಳಿತ ಮುತುವರ್ಜಿ ವಹಿಸಬೇಕು. ಪ್ರತಿವರ್ಷ ಫಲಿತಾಂಶ ಬಂದ ತಿಂಗಳೊಳಗೆ ಆ ಸ್ಥಾನಗಳ ಪಟ್ಟಿಯನ್ನು ಕಾಲೇಜುಗಳ ಸೂಚನಾ ಫಲಕಕ್ಕೆ ತಲುಪಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ,
ತೀರ್ಥಹಳ್ಳಿ