ಆಫೀಸಿನ ಎಸಿ ಜಗಳಕ್ಕೆ ಮೊದಲು ಒಂದು ಥರ್ಮಾಮೀಟರ್ ಇಟ್ಟು ನೋಡಿ

ಮಾನ್ಯ ಸಂಪಾದಕರೇ,

ನಾನು ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಚೇರಿಯಲ್ಲಿ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಒಂದೇ ಹಾಲ್‌ನಲ್ಲಿ ನಲವತ್ತು ಜನ ಕೂರುತ್ತೇವೆ. ಮೂರು ವರ್ಷದಿಂದ ನನ್ನ ಕುರ್ಚಿಯ ಬೆನ್ನಿಗೆ ಒಂದು ಸ್ವೆಟರ್ ನೇತಾಡುತ್ತಿದೆ. ಏಪ್ರಿಲ್ ತಿಂಗಳಲ್ಲೂ ಅದು ಬೇಕು. ಹೊರಗೆ ರಣಬಿಸಿಲು, ಒಳಗೆ ನಾನು ಬೆರಳು ಉಜ್ಜಿಕೊಂಡು ಟೈಪ್ ಮಾಡುತ್ತಿರುತ್ತೇನೆ. ಇಂಥವರು ಸಾವಿರಾರು ಜನ ಇದ್ದಾರೆ ಅನ್ನೋದು ಗೊತ್ತಿರುವುದರಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮಲ್ಲಿ ಎಸಿ ವಿಷಯಕ್ಕೆ ಮನಸ್ತಾಪ ಆಗದ ವಾರವೇ ಇರಲಿಲ್ಲ. ನಾನು ದೂರು ಕೊಟ್ಟರೆ ಅರ್ಧ ಗಂಟೆಯೊಳಗೆ ಕಿಟಕಿ ಸಾಲಿನವರು ಅದಕ್ಕೆ ಉಲ್ಟಾ ದೂರು ಕೊಡುತ್ತಿದ್ದರು. ‘ಎಸಿ ಜಾಸ್ತಿ ಮಾಡಿ’ ಅಂದರೆ ಡಿಗ್ರಿ ಜಾಸ್ತಿಯೋ, ತಂಪು ಜಾಸ್ತಿಯೋ? ಇದೂ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ಎರಡೂ ಕಡೆಯ ಬೈಗುಳ ಬೀಳುತ್ತಿದ್ದದ್ದು ಮೇಂಟೆನೆನ್ಸ್ ಹುಡುಗನ ಮೇಲೆ. ಅವನು ಕಟ್ಟಡದ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಹೇಳಬಹುದು, ಅಷ್ಟೇ. ಗೋಡೆ ಮೇಲಿನ ಬಟನ್ ಒತ್ತಿದರೆ ಏನೂ ಆಗುವುದಿಲ್ಲ, ಅದನ್ನು ಲಾಕ್ ಮಾಡಿಟ್ಟಿದ್ದಾರೆ.

ಒಮ್ಮೆ ನಾನೇ ತಪ್ಪು ಮಾಡಿದೆ. ನನ್ನ ತಲೆ ಮೇಲೆ ಗಾಳಿ ಬೀಸುವ ಕಿಂಡಿಗೆ ರಟ್ಟು ಇಟ್ಟು ಟೇಪ್ ಹಚ್ಚಿದೆ. ನನಗೇನೋ ಹಿತವಾಯಿತು. ಆದರೆ ಆ ಗಾಳಿ ಎಲ್ಲಾದರೂ ಹೋಗಲೇಬೇಕಲ್ವಾ? ಪಕ್ಕದ ಕಿಂಡಿಯಿಂದ ಇನ್ನೂ ಜೋರಾಗಿ ಬಂತು. ಅಲ್ಲಿ ಕೂರುವ ಹುಡುಗಿಗೆ ಕತ್ತು ಹಿಡಿದುಕೊಂಡಿತು. ಮಾರನೇ ದಿನ ರಟ್ಟು ತೆಗೆದು ಅವಳ ಹತ್ತಿರ ಕ್ಷಮೆ ಕೇಳಿದೆ.

ಕಿಟಕಿ ಸಾಲಿನ ಸಹೋದ್ಯೋಗಿಯೊಬ್ಬರು ಯಾವಾಗಲೂ ಒಂದು ಮಾತು ಹೇಳುತ್ತಿದ್ದರು: ‘ಚಳಿಯಾದರೆ ನೀವು ಸ್ವೆಟರ್ ಹಾಕ್ಕೋಬಹುದು ಮೇಡಂ, ಸೆಕೆಯಾದರೆ ನಾವೇನು ಬಿಚ್ಚೋದು?’ ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅವರು ಬೈಕಿನಲ್ಲಿ, ಹೆಲ್ಮೆಟ್ ಹಾಕಿಕೊಂಡು, ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಬೆಂದು ಬರುತ್ತಾರೆ. ಆದರೆ ಸ್ವೆಟರ್ ಬೆರಳನ್ನು ಬೆಚ್ಚಗಿಡುವುದಿಲ್ಲ, ಪಾದವನ್ನೂ ಬೆಚ್ಚಗಿಡುವುದಿಲ್ಲ. ಎಂಟು ಗಂಟೆ ಕೂತೇ ಮಾಡುವ ಕೆಲಸ ನಮ್ಮದು. ಮೈ ತಾನಾಗಿ ಬಿಸಿಯಾಗುವುದಕ್ಕೆ ಅವಕಾಶವೇ ಇಲ್ಲ.

ಹೋದ ಬೇಸಿಗೆಯಲ್ಲಿ ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ಕೊಂಡು ತಂದೆ. ಒಂದು ವಾರ ಬೇರೆ ಬೇರೆ ಮೇಜಿನ ಮೇಲೆ, ಬಿಸಿಲು ತಾಗದ ಹಾಗೆ, ಇಟ್ಟು ಬರೆದುಕೊಂಡೆವು. ಸಂಜೆ ನಾಲ್ಕಕ್ಕೆ ನನ್ನ ಮೇಜಿನ ಮೇಲೆ 20 ಡಿಗ್ರಿ ಇತ್ತು. ಅದೇ ಹೊತ್ತಿಗೆ ಪಶ್ಚಿಮದ ಗಾಜಿನ ಪಕ್ಕ 26 ಇತ್ತು! ಅದರ ಮೇಲೆ ಗಾಜಿನಿಂದ ನೇರವಾಗಿ ಮೈಗೆ ಬಡಿಯುವ ಕಾವು ಬೇರೆ. ಒಂದೇ ಹಾಲ್, ಒಂದೇ ಎಸಿ, ಆರು ಡಿಗ್ರಿ ವ್ಯತ್ಯಾಸ. ಮೂರು ವರ್ಷ ನಾವು ಒಬ್ಬರನ್ನೊಬ್ಬರು ಸುಮ್ನೆ ನಾಟಕ ಮಾಡುತ್ತಾರೆ ಅಂದುಕೊಂಡಿದ್ದೆವು. ಯಾರೂ ಸುಳ್ಳು ಹೇಳಿರಲಿಲ್ಲ. ಆಮೇಲೆ ನೋಡಿದರೆ ಹಾಲ್‌ನ ಸೆನ್ಸರ್ ಇರುವುದು ದೊಡ್ಡ ಪ್ರಿಂಟರ್‌ನ ಪಕ್ಕದ ಗೋಡೆಯಲ್ಲಿ. ಪ್ರಿಂಟರ್ ಬಿಸಿಯಾದರೆ ಇಡೀ ಹಾಲೇ ಬಿಸಿಯಾಗಿದೆ ಅಂತ ಅದು ಲೆಕ್ಕ ಹಾಕುತ್ತದೆ, ಎಸಿ ಇನ್ನಷ್ಟು ತಣ್ಣಗಾಗುತ್ತದೆ.

ಇದನ್ನು ಹೆಂಗಸರು-ಗಂಡಸರ ಜಗಳ ಅಂತ ತುಂಬಾ ಜನ ಹೇಳುತ್ತಾರೆ. ಅದರಲ್ಲಿ ಸ್ವಲ್ಪ ನಿಜ ಇದೆ. ಕಚೇರಿಗಳ ತಾಪಮಾನದ ಮಾನದಂಡ ಗಂಡಸಿನ ದೇಹದ ಲೆಕ್ಕದ ಮೇಲೆ ನಿಂತಿದೆ, ಹೆಂಗಸರ ದೇಹ ಅಷ್ಟು ಶಾಖ ಉತ್ಪಾದಿಸುವುದಿಲ್ಲ ಎಂದು ನೆದರ್‌ಲೆಂಡ್ಸ್‌ನ ಇಬ್ಬರು ಸಂಶೋಧಕರು 2015ರಲ್ಲಿ ತೋರಿಸಿದ್ದರು. ಆದರೆ ನಮ್ಮ ಹಾಲ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಸೆಕೆ ಅನ್ನುವವರು ಐವತ್ತು ದಾಟಿದ ಒಬ್ಬ ಮೇಡಂ. ಮುಟ್ಟು ನಿಲ್ಲುವ ಕಾಲ. ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿ ಏರಿ ಬೆವರುತ್ತಾರೆ. ಅದನ್ನು ಮೀಟಿಂಗ್‌ನಲ್ಲಿ ಎದ್ದು ನಿಂತು ಹೇಳೋದು ಹೇಗೆ? ಅವರ ಕಷ್ಟ ನನ್ನ ಕಷ್ಟಕ್ಕಿಂತ ದೊಡ್ಡದು.

ಸರ್ಕಾರ ಏನೂ ಮಾಡಿಲ್ಲ ಎಂದಲ್ಲ. ಸ್ಟಾರ್ ಗುರುತಿರುವ ಹೊಸ ರೂಮ್ ಎಸಿಗಳು 2020ರ ಜನವರಿಯಿಂದ 24 ಡಿಗ್ರಿಯಲ್ಲೇ ಶುರುವಾಗಬೇಕು ಎಂಬ ನಿಯಮ ಇದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತೆ ಬ್ಯೂರೋ ಹೇಳುತ್ತದೆ. ಎಸಿಗಳನ್ನು 20ರಿಂದ 28 ಡಿಗ್ರಿಯೊಳಗೇ ಇರುವಂತೆ ಮಾಡುವ ಯೋಜನೆಯನ್ನು ಕೇಂದ್ರ ಇಂಧನ ಸಚಿವ ಮನೋಹರ ಲಾಲ್ 2025ರ ಜೂನ್‌ನಲ್ಲಿ ಪ್ರಕಟಿಸಿದರು. ಒಳ್ಳೆಯದೇ. ಆದರೆ ರೂಮ್ ಎಸಿಯ ನಿಯಮ ನಮ್ಮಂಥವರನ್ನು ಮುಟ್ಟುವುದಿಲ್ಲ. ನಮ್ಮದು ಇಡೀ ಕಟ್ಟಡಕ್ಕೆ ಒಂದೇ ಎಸಿ, ರಿಮೋಟ್ ಅನ್ನೋದೇ ಇಲ್ಲ. ಕಿಟಕಿಯೂ ತೆರೆಯುವುದಿಲ್ಲ. ಜನವರಿ ಬೆಳಿಗ್ಗೆ ಹೊರಗೆ ಹದಿನಾರು ಡಿಗ್ರಿಯ ಒಳ್ಳೆಯ ಗಾಳಿ ಇದ್ದರೂ ಗಾಜಿನೊಳಗೆ ಕೂತು ಎಸಿ ಹಾಕಿಕೊಳ್ಳಬೇಕು. ಬೆಂಗಳೂರಿನಲ್ಲಿ ಇದನ್ನು ನೋಡಿದರೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ.

ನನ್ನ ಕೋರಿಕೆ ದೊಡ್ಡದೇನಲ್ಲ. ಕಟ್ಟಡಕ್ಕೆಲ್ಲ ಒಂದೇ ಎಸಿ ಇರುವ ಕಡೆ ಅದನ್ನು 24-25ಕ್ಕೆ ಇಟ್ಟು, ಸೆಕೆ ಅನ್ನುವವರಿಗೆ ಫ್ಯಾನ್ ಕೊಡಿ. ಗಾಳಿ ಬೀಸಿದರೆ ಮೈಗೆ ಎರಡು ಮೂರು ಡಿಗ್ರಿ ತಂಪಾದ ಹಾಗೆ ಅನ್ನಿಸುತ್ತದೆ. ಫ್ಯಾನ್ ಬೇಕಾದವರು ಹಾಕಿಕೊಳ್ಳಬಹುದು, ಬೇಡದವರು ಆರಿಸಬಹುದು. ಎಸಿಯನ್ನು ಹಾಗೆ ಮಾಡಲಾಗದು. ಜಪಾನಿನಲ್ಲಿ 2005ರಿಂದಲೇ ಬೇಸಿಗೆಯಲ್ಲಿ ಕಚೇರಿಗಳನ್ನು 28 ಡಿಗ್ರಿಗೆ ಇಡಿ, ಟೈ-ಕೋಟು ಬಿಡಿ ಎಂದು ಸರ್ಕಾರವೇ ಹೇಳುತ್ತಾ ಬಂದಿದೆ. ನಮ್ಮಲ್ಲೂ ಟೈ ಕಡ್ಡಾಯ ಮಾಡಿರುವವರು ಬೇಸಿಗೆಯಲ್ಲಾದರೂ ಅದನ್ನು ಬಿಡಲಿ.

ನಮ್ಮ ಹಾಲ್‌ನಲ್ಲಿ ಜಾಗ ಬದಲಾಯಿಸಿಕೊಂಡಿದ್ದೇವೆ. ನಾನೀಗ ಗಾಜಿನ ಪಕ್ಕ, ಬೈಕಿನವರು ನನ್ನ ಹಳೇ ಜಾಗದಲ್ಲಿ. ಆ ಮೇಡಂಗೆ ಒಂದು ಟೇಬಲ್ ಫ್ಯಾನ್ ಬಂದಿದೆ. ಪಶ್ಚಿಮದ ಗಾಜಿಗೆ ಪರದೆ ಇನ್ನೂ ಬಂದಿಲ್ಲ. ಸೆನ್ಸರ್ ಸರಿಸುವುದಕ್ಕೆ ಕಟ್ಟಡದ ಮಾಲೀಕರ ಒಪ್ಪಿಗೆ ಬೇಕಂತೆ, ಎರಡು ತಿಂಗಳಿಂದ ಕಾಯುತ್ತಿದ್ದೇವೆ. ಅವರು ಈ ಪತ್ರ ಓದಿದರೆ ಅದನ್ನು ಪ್ರಿಂಟರ್‌ನಿಂದ ಹತ್ತು ಅಡಿ ಆಚೆ ಹಾಕಿಸಿಕೊಡಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಓರ್ವ ಉದ್ಯೋಗಿ, ವಿಜಯನಗರ, ಬೆಂಗಳೂರು