ಐಸಿಯು ಹೊರಗೆ ನನ್ನ ಪಕ್ಕ ಕೂತಿದ್ದ ಅಮ್ಮನಿಗೆ

ಅಮ್ಮಾ, ನಿಮ್ಮ ಹೆಸರು ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಣ್ಣ ತೀರಿಕೊಂಡ ರಾತ್ರಿ ಬಂದವರೆಲ್ಲ "ದೇವರ ಚಿತ್ತ, ಅಳಬೇಡ" ಎಂದರು. ಪ್ರೀತಿಯಿಂದಲೇ ಹೇಳಿದರು, ಆದರೆ ಗಂಟಲಲ್ಲಿದ್ದದ್ದು ಅಲ್ಲೇ ಗಟ್ಟಿಯಾಯಿತು. ನೀವು ಮಾತ್ರ ಸುಮ್ನೆ ಪಕ್ಕದಲ್ಲಿ ಕೂತು, ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಬಗ್ಗಿಸಿ ಕೊಟ್ಟು, ಬೈಂಡು ಬಿಟ್ಟುಹೋಗಿದ್ದ ಬೈಬಲ್ಲಿನಲ್ಲಿ ಕೀರ್ತನೆಗಳು ಎಂಬ ಪ್ರಾರ್ಥನೆಯ ಹಾಡುಗಳ ಭಾಗದಿಂದ 88ನೆಯ ಕೀರ್ತನೆ ತೆಗೆದು "ಇದನ್ನ ಓದು ಮಗಾ, ಜೋರಾಗೇ ಓದು, ಜಗಳ ಆಡಬೇಕು ಅನಿಸಿದ್ರೆ ಆಡು" ಎಂದಿರಿ.

ಚಿಕ್ಕಂದಿನಿಂದ ಚರ್ಚಿಗೆ ಹೋದವರಿಗೂ ಇದು ಜಾಸ್ತಿ ಗೊತ್ತಿರುವುದಿಲ್ಲ. 150 ಕೀರ್ತನೆಗಳಲ್ಲಿ ಎಷ್ಟೊಂದು ಬರೀ ಗೋಳು, ದೂರು! 13ನೆಯದು ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀಯ ಎಂದು ಕೇಳುತ್ತದೆ. ಅದಾದರೂ ಕೊನೆಗೆ ಹಾಡಿಗೆ ತಿರುಗುತ್ತದೆ. 88ನೆಯದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ನಿಂತುಬಿಡುತ್ತದೆ, ಆದರೂ ಅದನ್ನು ಯಾರೂ ಪ್ರಾರ್ಥನೆಯ ಪುಸ್ತಕದಿಂದ ತೆಗೆದುಹಾಕಲಿಲ್ಲ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ 22ನೆಯ ಕೀರ್ತನೆಯ ಮೊದಲ ಸಾಲನ್ನೇ, ಯಾಕೆ ಕೈಬಿಟ್ಟೆ ಎಂಬ ಪ್ರಶ್ನೆಯನ್ನೇ ಅಲ್ವಾ? ನಂಬಿಕೆ ಇಲ್ಲದವರು ಹೀಗೆ ಕೇಳುವುದಿಲ್ಲ. ಕೇಳಿಸಿಕೊಳ್ಳುವವನು ಇದ್ದಾನೆ ಎಂದು ಗೊತ್ತಿರುವವರೇ ಕೇಳುವುದು.

ಮನೆ ಪ್ರಾರ್ಥನೆಯಲ್ಲಿ ನಾನು 88ನ್ನೇ ಓದಿದೆ. ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದ ನಮ್ಮಮ್ಮ ಆಗ ಬಿಕ್ಕಿ ಬಿಕ್ಕಿ ಅತ್ತರು, ಯಾರೂ ತಡೆಯಲಿಲ್ಲ.

ಒಳಗಿದ್ದ ನಿಮ್ಮವರು ಹುಷಾರಾದರಾ? ದಿನಾ ಅವರಿಗಾಗಿ ಬೇಡುತ್ತಿದ್ದೇನೆ. ತುಂಬಾ ಥ್ಯಾಂಕ್ಸ್ ಅಮ್ಮಾ.