ನೀರು ಬರುವ ಮೊದಲೇ ಎದ್ದು ನಡಿ

ಮಾನ್ವಿ
12-5-2025

ಚಿ. ಸೌ. ಗೀತಾಗೆ ಅವ್ವನ ಆಶೀರ್ವಾದ.

ಇತ್ತ ಕಡೆ ಎಲ್ಲರೂ ಕ್ಷೇಮ, ಬಿಸಿಲೊಂದನ್ನು ಬಿಟ್ಟರೆ. ಬೆಳಿಗ್ಗೆ ಹಾಕಿದ ಶಂಡಿಗೆ ಮಧ್ಯಾಹ್ನಕ್ಕೇ ಗರಿಗರಿ ಆಗುತ್ತಿದೆ. ನಿಮ್ಮಪ್ಪ ಸಂಜೆ ಐದರ ತನಕ ಹೊಸ್ತಿಲು ದಾಟುವುದಿಲ್ಲ.

ಭಾನುವಾರ ಫೋನಿನಲ್ಲಿ ನಾನು ಚಂಡಮಾರುತದ ಮಾತು ತೆಗೆದೆ, ನೀನು ನಕ್ಕುಬಿಟ್ಟೆ. "ಇಲ್ಲಿ ಯಾರೂ ಹೆದರಂಗಿಲ್ಲವ್ವ, ಹರಿಕೇನ್ ಬಂದ್ರ ಮಂದಿ ಗೆಳ್ಯಾರ್ನ ಕರದು ಪಾರ್ಟಿ ಮಾಡ್ತಾರ" ಅಂದೆ. ಅಷ್ಟರಲ್ಲಿ ಪಾಪು ಅತ್ತಿತು, ನೀನು ಫೋನು ಇಟ್ಟೆ. ನನ್ನ ಮಾತು ಬಾಯಲ್ಲೇ ಉಳಿಯಿತು. ಅದಕ್ಕೇ ಈ ಕಾಗದ. ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ ನಿಮ್ಮಪ್ಪ, ಆದರೆ ಬರೆದಿದ್ದು ಕೈಯಲ್ಲೇ.

ಫ್ಲೋರಿಡಾದ ನಿಮ್ಮ ಟ್ಯಾಂಪಾದಿಂದ ನೀನು ಕಳಿಸಿದ ಆ ಕೌಂಟಿಯ, ಅಂದರೆ ಜಿಲ್ಲೆಯ, ಚಂಡಮಾರುತದ ಪುಸ್ತಿಕೆಯನ್ನು ಮೂರು ಸಲ ಓದಿದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿದವಳು, ನಕ್ಷೆ ಕೈಗೆ ಸಿಕ್ಕರೆ ಸುಮ್ಮನಿರುತ್ತೇನೆಯೇ? ನಿಮ್ಮ ಬೀದಿ ಹುಡುಕಿದೆ, ‘ಬಿ’ ವಲಯದಲ್ಲಿದೆ. ಅಂದರೆ ಸಮುದ್ರದ ನೀರು ಏರಿದಾಗ ಮನೆ ಖಾಲಿ ಮಾಡಿ ಅಂತ ‘ಎ’ಯವರಿಗೆ ಹೇಳಿದ ಮೇಲೆ ಎರಡನೆಯ ಪಾಳಿ ನಿಮ್ಮದು. ಬಾಡಿಗೆ ಹಿಡಿಯುವಾಗ ಇದನ್ನು ನೋಡಿದ್ದಿರೋ ಇಲ್ಲವೋ. ಅಳಿಯಂದಿರು ಆಫೀಸು ಹತ್ತಿರ ಅಂತಷ್ಟೇ ನೋಡಿರಬೇಕು. ಇರಲಿ, ಆಗಿದ್ದಾಯಿತು.

ಈಗ ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ.

2009ರ ನೆರೆ ನಿನಗೆ ನೆನಪಿದೆ, ಆಗ ನಿನಗೆ ಹನ್ನೊಂದು ವರ್ಷ. ಸಾಲಿಯ ಗಂಜಿ ಕೇಂದ್ರದಲ್ಲಿ ಬೆಂಚು ಜೋಡಿಸಿ ಮಲಗಿದ್ದು, ಪತ್ರಾವಳಿಯಲ್ಲಿ ಅನ್ನ ಉಂಡಿದ್ದು ಎಲ್ಲಾ ಹೇಳುತ್ತಿರುತ್ತೀಯಲ್ಲ. "ಅಜ್ಜಿ ಹಟ ಹಿಡಿದು ಮನಿ ಬಿಡ್ಲಿಲ್ಲ, ಅದಕ್ಕ ಅಷ್ಟು ತ್ರಾಸು ಆತು" ಅನ್ನುವುದು ನಮ್ಮ ಮನೆಯಲ್ಲಿ ಗಾದೆ ಆಗಿಬಿಟ್ಟಿದೆ. ಅಜ್ಜಿ ಹಟ ಹಿಡಿಯಲಿಲ್ಲ ಮಗಳೆ. ಹಿಡಿದವಳು ನಾನು.

ಹೊಳೆದಂಡೆಯ ಊರು ಅಂದಮೇಲೆ ಡಂಗುರ ಹೊಸದಲ್ಲ. ಡ್ಯಾಮಿನಿಂದ ನೀರು ಬಿಡುತ್ತಾರೆ ಅಂತ ಅದಕ್ಕೂ ಮುಂಚೆ ಎರಡು ಸಲ ಸಾರಿಸಿದ್ದರು. ಎರಡು ಸಲವೂ ಗಂಟುಮೂಟೆ ಕಟ್ಟಿಕೊಂಡು ದಿಬ್ಬಕ್ಕೆ ಹೋದೆವು, ಎರಡು ಸಲವೂ ನೀರು ಊರ ಅಗಸೆಬಾಗಿಲ ತನಕವೂ ಬರಲಿಲ್ಲ. ವಾಪಸು ಬರುವಾಗ ಕಟ್ಟೆ ಮೇಲೆ ಕೂತವರು, "ಏನ್ ಟೀಚರ್ರ, ಜಾತ್ರಿ ಮುಗೀತೇನ್ರಿ?" ಅಂತ ಕೇಳಿದ್ದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಮೂರನೆಯ ಸಲ ನಾನು ಹೋಗುವುದಿಲ್ಲ ಅಂದೆ. ನೆಲದೊಳಗಿನ ಹಗೇವಿನಲ್ಲಿ ಹತ್ತು ಚೀಲ ಜೋಳ ಇತ್ತು, ಅದನ್ನು ಬಿಟ್ಟು ಹೇಗೆ ಹೋಗುವುದು ಅಂತ ನೆಪ ತೆಗೆದೆ. ಪಾಪ, ನಿಮ್ಮಜ್ಜಿ ಸೀರೆ ಗಂಟು ಕಟ್ಟಿಕೊಂಡು ಪಡಸಾಲೆಯಲ್ಲಿ ಕೂತೇ ಇದ್ದರು.

ಆ ಸಲದ ಲೆಕ್ಕವೇ ಬೇರೆ ಇತ್ತು. ಯಾವಾಗಲೂ ಮಳೆ ಆಗುವುದು ಆಗುಂಬೆ, ಶೃಂಗೇರಿ ಕಡೆ. ನಮ್ಮಲ್ಲಿ ಬಿಸಿಲು ಹೊಡೆಯುತ್ತಿರುವಾಗಲೇ ಹೊಳೆ ತುಂಬಿ ಬರುತ್ತದೆ, ಬರುವುದಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಆದರೆ ಆ ಸಲ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ನಮ್ಮ ತಲೆಯ ಮೇಲೆಯೇ ಸುರಿಯಿತು. ಹಳ್ಳ, ಹಗರಿ ನದಿ, ತುಂಗಭದ್ರಾ ಹೊಳೆ ಮೂರೂ ಒಟ್ಟಿಗೆ ಎದ್ದವು. ಕೆಳಗಡೆ ಮಂತ್ರಾಲಯದ ಮಠಕ್ಕೆ ನೀರು ನುಗ್ಗಿತು, ಕರ್ನೂಲು ಪಟ್ಟಣವೇ ಮುಳುಗಿತು. ಹಿಂದಿನ ಎರಡು ಸಲದ ಅನುಭವ ಇಟ್ಟುಕೊಂಡು ಕೂತವಳಿಗೆ ಇದು ಅರ್ಥವಾಗುವಷ್ಟರಲ್ಲಿ ರಾತ್ರಿ ಹನ್ನೊಂದಾಗಿತ್ತು.

ಮೊದಲು ಗೊತ್ತಾಗಿದ್ದು ನೀರಿನಿಂದಲ್ಲ. ಅಡುಗೆಮನೆಯಲ್ಲಿ ಬೋರಲು ಹಾಕಿದ್ದ ಗಂಗಾಳದ ಮೇಲೆ ಟಪ್ ಅಂತ ಏನೋ ಬಿತ್ತು. ಇಲಿ ಅಂದುಕೊಂಡೆ. ಮತ್ತೆ ಟಪ್, ಟಪ್. ಟಾರ್ಚು ಹಾಕಿದರೆ ಮಾಳಿಗೆಯ ಮಣ್ಣು. ಜಂತಿಯ ಸಂದಿಯಿಂದ ಒದ್ದೆ ಮಣ್ಣು ಚಿಟಿಕೆ ಚಿಟಿಕೆಯಾಗಿ ಉದುರುತ್ತಿತ್ತು. ಮೂರು ದಿನದ ಮಳೆ ಕುಡಿದ ಮಾಳಿಗೆ ಎಷ್ಟು ಭಾರ ಇರುತ್ತದೆ ಅಂತ ಮಕ್ಕಳಿಗೆ ಪಾಠ ಹೇಳಿದವಳಿಗೆ ಆಗ ಹೊಳೆಯಿತು. ಬಾಗಿಲು ತೆಗೆದರೆ ಅಂಗಳದಲ್ಲಿ ಮೊಣಕಾಲುಮಟ್ಟ ನೀರು. ನಿಮ್ಮಪ್ಪ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡರು, ನಾನು ಅಜ್ಜಿಯ ಕೈ ಹಿಡಿದೆ. ಅಗಸೆ ಹತ್ತಿರ ಬರುವಷ್ಟರಲ್ಲಿ ನೀರಿಗೆ ಸೆಳೆತ ಬಂದಿತ್ತು, ಅಜ್ಜಿ ಎರಡು ಸಲ ಬಿದ್ದರು. ಅಡುಗೆಮನೆಯ ಮಾಳಿಗೆ ಬೆಳಗಿನ ಜಾವ ಕೂತಿತು. ಹಗೇವಿನ ಜೋಳಕ್ಕೆ ನೀರು ಇಳಿದು ಎಂಟು ದಿನಕ್ಕೆ ಹುಳಿ ವಾಸನೆ, ದನ ಕೂಡ ಮೂಸಲಿಲ್ಲ. ನಿಮ್ಮಜ್ಜಿ ಸಾಯುವ ತನಕ ಆ ಆರೋಪ ತಮ್ಮ ಮೇಲೆಯೇ ಇಟ್ಟುಕೊಂಡರು, ಒಂದು ದಿನವೂ ನನ್ನ ಹೆಸರು ಹೇಳಲಿಲ್ಲ.

ನೀನು ನಕ್ಕಿದ್ದು ನೋಡಿ ಇಷ್ಟೆಲ್ಲಾ ಹೇಳಬೇಕಾಯಿತು.

ನಿಮ್ಮ ಊರಿನದೇ ನೋಡು. 2024ರ ಸೆಪ್ಟೆಂಬರ್ 26ಕ್ಕೆ ಹೆಲೀನ್ ಚಂಡಮಾರುತ ಬಂತು. ಅದರ ಕಣ್ಣು, ಅಂದರೆ ನಟ್ಟನಡುವಿನ ಭಾಗ, ಟ್ಯಾಂಪಾದಿಂದ ನೂರಕ್ಕೂ ಹೆಚ್ಚು ಮೈಲಿ ಆಚೆ, ಸಮುದ್ರದ ಮೇಲೆಯೇ ಹಾದುಹೋಯಿತು. ಅಷ್ಟು ದೂರ ಇದ್ದರೂ ಕೊಲ್ಲಿಯ ನೀರು ಉಕ್ಕಿ ದಂಡೆಯ ಮನೆಗಳಿಗೆ ನುಗ್ಗಿತು, ಜನ ಮನೆಯೊಳಗೇ ಮುಳುಗಿದರು. ಎರಡು ವಾರದೊಳಗೆ, ಅಕ್ಟೋಬರ್ 9ಕ್ಕೆ ಮಿಲ್ಟನ್. ಅದು ನೇರ ಟ್ಯಾಂಪಾಕ್ಕೇ ಬರುತ್ತದೆ ಅಂತ ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಕೊನೆಗೆ ದಕ್ಷಿಣಕ್ಕೆ ಸರಿದು ಸಿಯೆಸ್ಟಾ ಕೀ ಹತ್ತಿರ ದಡ ಮುಟ್ಟಿತು. ಆಗ ಟ್ಯಾಂಪಾ ಕೊಲ್ಲಿಯಲ್ಲಿ ನೀರು ಏರುವುದಿರಲಿ, ಗಾಳಿ ಇದ್ದ ನೀರನ್ನೂ ಸಮುದ್ರಕ್ಕೆ ತಳ್ಳಿ ತಳ ಕಾಣಿಸಿತು! ಉತ್ತರಾರ್ಧಗೋಳದಲ್ಲಿ ಚಂಡಮಾರುತ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ, ಎಂಟನೇ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ. ಕಣ್ಣಿನ ಯಾವ ಮಗ್ಗುಲಿಗೆ ನೀವಿದ್ದೀರಿ ಅನ್ನುವುದರ ಮೇಲೆ ನೀರು ಊರಿಗೆ ಬರುತ್ತದೋ ಊರು ಬಿಟ್ಟು ಹೋಗುತ್ತದೋ ನಿಂತಿದೆ. ಈಗ ನಿನ್ನ ನೆರೆಮನೆಯವರು "ಮಿಲ್ಟನ್‌ಗೂ ನಾವು ಮನೆಯಲ್ಲೇ ಇದ್ದೆವು, ನೀರು ಬರಲಿಲ್ಲ" ಅಂತ ಹೇಳಿದರೆ, ಅದು ನನ್ನ ಎರಡು ಸಲದ ದಿಬ್ಬದ ಲೆಕ್ಕ.

ಟಿವಿಯಲ್ಲಿ ತೋರಿಸುವ ಒಂದರಿಂದ ಐದರ ಅಂಕಿಯನ್ನೂ ಪೂರ್ತಿ ನಂಬಬೇಡ. ಅದು ಬರೀ ಗಾಳಿಯ ವೇಗದ ಅಂಕಿ. ಗಂಟೆಗೆ 119 ಕಿಲೋಮೀಟರ್ ದಾಟಿದರೆ ಒಂದು, 178ಕ್ಕೆ ಮೂರು, 252ಕ್ಕೆ ಐದು. ಮಳೆ ಎಷ್ಟು, ಸಮುದ್ರ ಎಷ್ಟು ಏರುತ್ತದೆ ಅನ್ನುವುದು ಆ ಅಂಕಿಯಲ್ಲಿ ಇಲ್ಲವೇ ಇಲ್ಲ. 2017ರಲ್ಲಿ ಹಾರ್ವೆ ದಡ ಮುಟ್ಟಿದ ಮೇಲೆ ಗಾಳಿ ಇಳಿದು ಅಂಕಿಯೂ ಇಳಿಯಿತು, ಆದರೆ ಅಲ್ಲೇ ಕೂತು ಟೆಕ್ಸಾಸ್‌ನ ಒಂದು ಕಡೆ 1,539 ಮಿಲಿಮೀಟರ್ ಸುರಿಯಿತು. ನಮ್ಮ ರಾಯಚೂರಿಗೆ ಎರಡು ವರ್ಷಕ್ಕೂ ಅಷ್ಟು ಮಳೆ ಬೀಳುವುದಿಲ್ಲ. ನಕ್ಷೆಯಲ್ಲಿ ಚಂಡಮಾರುತ ಸಾಗಬಹುದಾದ ದಾರಿಯನ್ನು ಬಿಳಿ ಶಂಕುವಿನ ಹಾಗೆ ಬಿಡಿಸಿರುತ್ತಾರಲ್ಲ, ಅದೂ ಅಷ್ಟೇ. ಕಣ್ಣು ಅದರೊಳಗೆ ಸಾಗುವುದು ಮೂರರಲ್ಲಿ ಎರಡು ಸಲ. ಇನ್ನೊಂದು ಸಲ ಗೆರೆ ದಾಟುತ್ತದೆ.

ಹಾಗಾಗಿ ನೀವಿಬ್ಬರೂ ಇವತ್ತೇ, ಆಕಾಶ ಶುಭ್ರ ಇರುವಾಗಲೇ, ಕೂತು ಮಾತಾಡಿ. ‘ಬಿ’ ವಲಯದವರು ಹೊರಡಿ ಅಂದ ಕೂಡಲೇ ಹೊರಡುವುದು. ಆ ಹೊತ್ತಿಗೆ ಚರ್ಚೆ ಬೇಡ, ಆಫೀಸಿನ ಗೆಳೆಯರು ಏನು ಮಾಡುತ್ತಾರೆ ಅಂತ ಕೇಳುವುದೂ ಬೇಡ. ‘ವಾಚ್’ ಅಂದರೆ ಬಿರುಗಾಳಿ ಶುರುವಾಗುವುದಕ್ಕೆ ಸುಮಾರು 48 ಗಂಟೆ ಮೊದಲಿನ ಮಾತು, ‘ವಾರ್ನಿಂಗ್’ ಅಂದರೆ 36 ಗಂಟೆ. ವಾಚ್ ಬಂದ ದಿನವೇ ಕಾರಿನ ಟ್ಯಾಂಕು ತುಂಬಿರಲಿ. ನೂರಾರು ಮೈಲಿ ಓಡಬೇಕಾಗಿಲ್ಲ. ಲೇಕ್‌ಲ್ಯಾಂಡ್‌ನಲ್ಲಿ ನಿನ್ನ ಗೆಳತಿ ಇದ್ದಾಳಲ್ಲ, ಒಳನಾಡು, ಅಷ್ಟು ಹೋದರೆ ಸಾಕು. ಅವಳಿಗೆ ಈಗಲೇ ಹೇಳಿಡು. ಸುಮ್ಮನೆ ಹೋಗಿ ವಾಪಸು ಬಂದಿರಿ ಅಂದುಕೋ, ಜಾತ್ರೆ ಮುಗೀತಾ ಅಂತ ಯಾರಾದರೂ ಕೇಳಿದರೆ, ಮುಗೀತು ಅಂತ ಹೇಳಿ ಒಳಗೆ ಹೋಗು.

ಗಾಳಿಯ ವಿಷಯ ಬೇರೆ. ಹೊರಡಿ ಅಂತ ಆದೇಶ ಬರಲಿಲ್ಲ, ಮನೆ ಗಟ್ಟಿ ಇದೆ ಅಂದರೆ ಗಾಳಿಗೆ ಒಳಗೆ ಕೂತೇ ಇರಬೇಕು. ಇಲ್ಲಿ ಅಡ್ಡಮಳೆಗೆ ತಗಡು ಹಾರಬಾರದು ಅಂತ ಮೇಲೆ ಕಲ್ಲು ಹೇರುತ್ತೇವೆ. ಅಲ್ಲಿ ಆ ಬುದ್ಧಿ ಓಡಿಸಬೇಡಿ. ಆ ಗಾಳಿಗೆ ಕಲ್ಲೇ ಕವಣೆಯಿಂದ ಬಿಟ್ಟ ಹಾಗೆ ಬರುತ್ತದೆ. ಹಿತ್ತಲಲ್ಲಿ ನೀನು ಸಾಲಾಗಿ ಇಟ್ಟ ತುಳಸಿ, ಕರಿಬೇವಿನ ಕುಂಡ, ಪಾಪುವಿನ ಸೈಕಲ್ಲು, ಕುರ್ಚಿ ಎಲ್ಲಾ ಒಳಗೆ ಬರಬೇಕು. ಕಿಟಕಿ ಗಾಜಿಗೆ ಟೇಪು ಅಂಟಿಸುವುದು ದಂಡ, ಒಡೆದರೆ ದೊಡ್ಡ ದೊಡ್ಡ ಚೂರಾಗಿ ಬೀಳುತ್ತದಂತೆ. ಶಟರ್ ಇದೆಯೋ, ಪ್ಲೈವುಡ್ ಹೊಡೆಯಬೇಕೋ ಅಂತ ಮನೆ ಮಾಲೀಕರನ್ನು ಈಗಲೇ ಕೇಳಿ. ಗಾಳಿ ಜೋರಾದ ಮೇಲೆ ಕಿಟಕಿ ಇಲ್ಲದ ನಡುಮನೆಯ ಕೋಣೆ, ಇಲ್ಲವೇ ಬಚ್ಚಲು. ಹಾಸಿಗೆ ಒಳಗೆ ಎಳೆದುಕೊಳ್ಳಿ. ಆಂಬುಲೆನ್ಸಿನವರೂ ಗಾಳಿ ಒಂದು ಮಿತಿ ದಾಟಿದರೆ ಹೊರಗೆ ಬರುವುದಿಲ್ಲ. ನಡುವೆ ಒಮ್ಮೆಲೇ ಗಾಳಿ ನಿಂತು ಆಕಾಶ ತಿಳಿಯಾಗಬಹುದು. ಅಳಿಯಂದಿರು ಆಗ "ಮುಗೀತು, ಕಾರು ನೋಡ್ಕೊಂಡು ಬರ್ತೀನಿ" ಅಂತ ಎದ್ದರೆ ಕೈ ಹಿಡಿದು ಕೂರಿಸು. ಅದು ಕಣ್ಣು. ಅದು ದಾಟಿದ ಮೇಲೆ ಗಾಳಿ ಎದುರು ದಿಕ್ಕಿನಿಂದ, ಅಷ್ಟೇ ಜೋರಾಗಿ ಬಂದು ಬಡಿಯುತ್ತದೆ.

ನೀರು ಹಿಡಿದಿಡುವುದನ್ನು ನಾನು ನಿನಗೆ ಹೇಳಿಕೊಡಬೇಕಾಗಿಲ್ಲ. ನಳ ಬಂದ ದಿನ ಕೊಡ, ಹಂಡೆ, ಡ್ರಮ್ಮು ತುಂಬಿಸಿಯೇ ಬೆಳೆದವಳು ನೀನು. ಕುಡಿಯುವ ನೀರು ಬೇರೆ, ಬಳಸುವ ನೀರು ಬೇರೆ. ಕುಡಿಯಲು, ಅಡುಗೆಗೆ ಅಂತ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಹತ್ತಿರ ಹತ್ತಿರ ನಾಲ್ಕು ಲೀಟರ್. ಮೂರು ದಿನಕ್ಕೆ ಕಡಿಮೆ ಬೇಡ, ಒಂದು ವಾರಕ್ಕಿದ್ದರೆ ಒಳ್ಳೆಯದು. ಸಂಡಾಸಕ್ಕೆ ಸ್ನಾನದ ತೊಟ್ಟಿ ತುಂಬಿಸಿಡು, ಆದರೆ ಬಚ್ಚಲ ಬಾಗಿಲಿಗೆ ಚಿಲಕ ಹಾಕು, ಪಾಪು ಈಗ ಎಲ್ಲಾ ಕಡೆ ಇಣುಕುತ್ತಾನೆ. ಆ ತೊಟ್ಟಿ ಇರುವ ಕೋಣೆಯಲ್ಲೇ ಅಡಗಿ ಕೂರಬೇಕಾದರೆ ತೊಟ್ಟಿ ಖಾಲಿ ಇರಲಿ, ನೀರು ಬಕೆಟ್ಟು ಡ್ರಮ್ಮಿನಲ್ಲಿ ಹಿಡಿ.

ಕರೆಂಟು ಹೋದಮೇಲೆ ಫ್ರಿಜ್ಜು ಪದೇ ಪದೇ ತೆಗೆಯಬೇಡ. ಮುಚ್ಚಿಯೇ ಇದ್ದರೆ ನಾಲ್ಕು ಗಂಟೆ ತಡೆಯುತ್ತದೆ, ತುಂಬಿದ ಫ್ರೀಜರ್ ಎರಡು ದಿನ. ಊರು ಬಿಟ್ಟು ಹೋಗುವಾಗ ಫ್ರೀಜರಿನಲ್ಲಿ ಒಂದು ಲೋಟ ನೀರು ಗಟ್ಟಿಯಾಗಿಸಿ ಮೇಲೆ ಒಂದು ನಾಣ್ಯ ಇಡು. ವಾಪಸು ಬಂದಾಗ ನಾಣ್ಯ ಮಂಜಿನ ತಳಕ್ಕೆ ಇಳಿದಿದ್ದರೆ ಒಳಗಿನದೆಲ್ಲಾ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಲೆಕ್ಕ, ಎಸೆದುಬಿಡು. ನನಗೆ ಇದು ಬಹಳ ಹಿಡಿಸಿತು, ಕೆಲಸದಲ್ಲಿದ್ದಾಗ ಗೊತ್ತಿದ್ದರೆ ಮಕ್ಕಳಿಗೆ ಪ್ರಯೋಗ ಮಾಡಿಸುತ್ತಿದ್ದೆ.

ಅಳಿಯಂದಿರು ಜನರೇಟರ್ ಕೊಳ್ಳುತ್ತೇನೆ ಅಂದರಂತೆ. ಕೊಳ್ಳಲಿ. ಆದರೆ ಮನೆಯೊಳಗೆ, ಗ್ಯಾರೇಜಿನೊಳಗೆ, ಕಿಟಕಿ ಪಕ್ಕ, ಎಲ್ಲಿಯೂ ಹಚ್ಚಬಾರದು. ಮನೆಯಿಂದ ಇಪ್ಪತ್ತು ಅಡಿ ದೂರ ಇರಬೇಕು. ನೀನು ಹುಟ್ಟಿದಾಗ ಬಾಣಂತಿ ಕೋಣೆಯಲ್ಲಿ ಕೆಂಡದ ಒಲೆ ಇಟ್ಟು ಬಾಗಿಲು ಮುಚ್ಚಿದ್ದಕ್ಕೆ ನಿಮ್ಮಜ್ಜಿ ನನ್ನ ತಾಯಿಯ ಮೇಲೆ ಎಷ್ಟು ಕೂಗಾಡಿದ್ದರು ಅಂತ ಹೇಳಿದ್ದೆನಲ್ಲ, ಅದೇ ಹೊಗೆ ಇದು, ಕಾರ್ಬನ್ ಮಾನಾಕ್ಸೈಡ್. ವಾಸನೆ ಇರುವುದಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಚಂಡಮಾರುತ ಹೋದ ಮೇಲೆ ಸಾಯುವವರಲ್ಲಿ ಇಂಥವರೂ ಇರುತ್ತಾರಂತೆ.

ಪಾಸ್‌ಪೋರ್ಟು, ವೀಸಾ, ಪಾಪುವಿನ ಜನನ ಪತ್ರ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇರಲಿ. ನನ್ನ ಬಿ.ಎಡ್. ಅಂಕಪಟ್ಟಿ ತಂತಿಯ ಮೇಲೆ ಬಟ್ಟೆಯ ಹಾಗೆ ಒಣಗಿದ್ದು ನೀನೇ ನೋಡಿದ್ದೀಯ. ನೆರೆಗೆ ಅಲ್ಲಿ ವಿಮೆ ಬೇರೆಯೇ ತೆಗೆಯಬೇಕಂತೆ, ಸರ್ಕಾರದ್ದು ತೆಗೆದರೆ ಜಾರಿಗೆ ಬರುವುದಕ್ಕೆ ಸಾಮಾನ್ಯವಾಗಿ ಮೂವತ್ತು ದಿನ ಹಿಡಿಯುತ್ತದೆ. ಬಾಡಿಗೆಯವರೂ ಸಾಮಾನಿಗೆ ಮಾಡಿಸಬಹುದು. ಇದನ್ನು ಅಳಿಯಂದಿರಿಗೆ ಬಿಟ್ಟಿದ್ದೇನೆ.

ರಸ್ತೆಯ ಮೇಲೆ ಹರಿಯುವ ನೀರಿಗೆ ಕಾರು ಇಳಿಸಬೇಡಿ. ಒಂದು ಅಡಿ ನೀರು ಸಣ್ಣ ಕಾರನ್ನು ಎತ್ತಿಕೊಂಡು ಹೋಗುತ್ತದೆ. ನಡೆಯುವವರಿಗೆ ಅರ್ಧ ಅಡಿ ಸಾಕು. ಅಜ್ಜಿ ಬಿದ್ದ ಜಾಗದಲ್ಲಿ ನೀರು ಎಷ್ಟಿತ್ತು ಅಂತ ಆಮೇಲೆ ಗೋಡೆಯ ಗುರುತು ನೋಡಿದೆ, ನನ್ನ ಮೊಣಕಾಲ ಮೇಲಕ್ಕೂ ಇರಲಿಲ್ಲ.

ಜೂನ್ 1ಕ್ಕೆ ನಿಮ್ಮ ಕಡೆ ಚಂಡಮಾರುತದ ಕಾಲ ಶುರು, ನವೆಂಬರ್ 30ರ ತನಕ. ಸೆಪ್ಟೆಂಬರ್ ನಡುವಿಗೆ ಅದರ ಭರ. ಅಂಗಡಿಯ ಡಬ್ಬಿ ತಿಂಡಿ ಎಷ್ಟು ದಿನ ತಿನ್ನುತ್ತೀರಿ ಅಂತ ನೂರು ಖಡಕ್ ರೊಟ್ಟಿ ಬಡಿದು ಒಣಗಿಸಿದ್ದೇನೆ, ಒಲೆ ಹಚ್ಚುವುದು ಬೇಡ, ಫ್ರಿಜ್ಜೂ ಬೇಡ. ಕೆಂಪು ಮುಚ್ಚಳದ ಡಬ್ಬಿಯಲ್ಲಿ ಶೇಂಗಾ ಹಿಂಡಿ, ನೀಲಿಯದರಲ್ಲಿ ಗುರೆಳ್ಳು. ಪಾಪುವಿಗೆ ರಾಗಿ ಹುರಿಹಿಟ್ಟು ಬೇರೆ ಕಟ್ಟಿದ್ದೇನೆ. ಮುಂದಿನ ವಾರ ನಿನ್ನ ಗೆಳತಿಯ ಅಣ್ಣ ಹೈದರಾಬಾದಿನಿಂದ ವಿಮಾನ ಹತ್ತುತ್ತಾನೆ, ಅವನ ಕೈಗೆ ಕೊಡುತ್ತೇವೆ. ಗಾಳಿ ಬರುವ ತನಕ ಮುಟ್ಟಬೇಡ ಅಂತ ಹೇಳುವುದಿಲ್ಲ, ನಿನ್ನ ಬಾಯಿಚಪಲ ನನಗೆ ಗೊತ್ತು. ಜುಲೈಗೇ ಮುಗಿದರೆ ಹೇಳು, ಇನ್ನೊಂದು ನೂರು ಬಡಿಯುತ್ತೇನೆ.

ನಿನ್ನ ಅವ್ವ